ಅತ್ತೆಯನ್ನು ಮುಟ್ಟದೆ ಮುಳುಗಿಸುವ ಬಗೆ

ಅತ್ತೆ ಕ್ರೈಸ್ತಳಾಗಲು ಒಪ್ಪಿದ್ದೇ ಪಾದ್ರಿ ಸೆಬುನ್ಯಾನಿಗೆ ತಲೆನೋವಾಯಿತು.

ಹೆಂಡತಿ ನಂಟೊಂಗೊಳ ತವರೂರಿಗೆ ಸಭೆಯವರು ಅವನನ್ನು ಕಳಿಸಿ ಎರಡು ವರ್ಷವಾಗಿತ್ತು. ಒಂದು ನರಪಿಳ್ಳೆಯೂ ನದಿಗಿಳಿದು, ಪಾದ್ರಿಯ ಕೈಯಲ್ಲಿ ಮುಳುಗಿ ದೀಕ್ಷಾಸ್ನಾನ ಪಡೆದಿರಲಿಲ್ಲ. ಈ ವರ್ಷವೂ ಹೀಗೇ ಆದರೆ ಗಂಟುಮೂಟೆ ಕಟ್ಟು ಎಂದು ಹಿರಿಯ ಪಾದ್ರಿಗಳು ಹೇಳಿಯಾಗಿತ್ತು. ಊರ ಹೆಂಗಸರೋ, "ಮೊದ್ಲು ನಲುಕೆಂಗೆ ಮುಳುಗ್ಲಿ, ಆಮೇಲೆ ನೋಡೋಣ" ಎನ್ನುತ್ತಿದ್ದರು. ಈ ನಲುಕೆಂಗೆಯೇ ಅವನ ಅತ್ತೆ. ಆ ಸೀಮೆಯಲ್ಲಿ ಅಳಿಯನಾದವನು ಅತ್ತೆಯನ್ನು ಮುಟ್ಟುವುದಿರಲಿ, ದಾರಿಯಲ್ಲಿ ಎದುರಾದರೆ ಬಾಳೆತೋಟಕ್ಕೆ ನುಗ್ಗಿ ಬಚ್ಚಿಟ್ಟುಕೊಳ್ಳಬೇಕು. ಮುಟ್ಟಿದನೋ, ಸಾಯುವ ತನಕ ಕೈನಡುಕ. ಮತ್ತೆ ಯಾರ ಮನೆಯಲ್ಲೂ ಅವನಿಗೆ ಚಾಪೆ ಹಾಸುವುದಿಲ್ಲ.

ಅವನ ಬದಲು ಅತ್ತೆಯನ್ನು ಮುಳುಗಿಸಬೇಕಿದ್ದ ಪಕ್ಕದೂರಿನ ಪಾದ್ರಿ ಆ ದಿನ ಬೆಳಿಗ್ಗೆಯೇ ಜ್ವರವೆಂದು ಹೇಳಿಕಳಿಸಿದ.

"ಮುಂದಿನ ವಾರ ಅಂತ ಅಮ್ಮಂಗೆ ಹೇಳೇ," ಎಂದ ಸೆಬುನ್ಯಾ ಹೆಂಡತಿಗೆ.

ನಂಟೊಂಗೊ ಗೋಡೆಯಾಚೆ ಕೂತಿದ್ದ ತಾಯಿಯ ಹತ್ತಿರ ಹೋಗಿ ಬಂದಳು. "ಇವತ್ತೇ ಆಗ್ಬೇಕಂತೆ."

"ಹಂಗಾದ್ರೆ ಅವರೇ ಮುಳುಗ್ಲಿ, ನಾನು ದಡದಲ್ಲಿ ಪ್ರಾರ್ಥನೆ ಹೇಳ್ತೀನಿ."

"ತಾನೇ ಮುಳುಗಿದ್ರೆ ಅದು ಸ್ನಾನ ಅಂತೆ. ಅದನ್ನ ದಿನಾ ಮಾಡ್ತಾಳಂತೆ."

ಅಷ್ಟರಲ್ಲಿ ಅಕ್ಕಪಕ್ಕದವರೆಲ್ಲ ಅಂಗಳದಲ್ಲಿ ನೆರೆದರು. ದೋಣಿ ಹುಟ್ಟಿನಿಂದ ಒತ್ತು ಎಂದ ಒಬ್ಬ. ಸೂಲಗಿತ್ತಿ ನಕಾಯಿಜಾ ಮನೆಯಿಂದ, ಮರದ ತೊಗಟೆ ಬಡಿದು ಮಾಡಿದ, ಊರಲ್ಲಿ ಉಳಿದಿದ್ದ ಒಂದೇ ತೊಗಟೆಬಟ್ಟೆ ತಂದಳು. "ತಲೆಯಿಂದ ಕಾಲ್ವರೆಗೂ ಸುತ್ಬಿಡಿ. ನೀವು ಮುಟ್ಟೋದು ಬಟ್ಟೇನ, ಅತ್ತೇನಲ್ಲ."

"ಬಟ್ಟೆ ಒಳಗೇನು ಕುಂಬಳಕಾಯಿ ಇರುತ್ತಾ?" ಎಂದ ಅತ್ತೆಯ ಅಣ್ಣ ಕಗ್ವಾ. ಪ್ರತಿ ಭಾನುವಾರ ಪ್ರಾರ್ಥನಾಮಂದಿರದ ಕಿಟಕಿಯಾಚೆ ನಿಂತು, ಇಡೀ ಪ್ರಸಂಗ ಕೇಳಿ, ಬೈದು ಹೋಗುವ ಆಸಾಮಿ. ಇವತ್ತೂ ಬೈದು ಹೊರಟುಹೋದ.

ಮಧ್ಯಾಹ್ನ ಊರಿಗೆ ಊರೇ ನದೀದಡದಲ್ಲಿತ್ತು. ಸೆಬುನ್ಯಾ ಎದೆಮಟ್ಟ ನೀರಿನಲ್ಲಿ ನಿಂತು ಕಣ್ಣು ಬಿಗಿಯಾಗಿ ಮುಚ್ಚಿಕೊಂಡ. ಹೆಂಗಸರು ಬಟ್ಟೆಯ ಗಂಟನ್ನು ತಂದು ಅವನ ತೋಳಿಗೆ ಒರಗಿಸಿದರು. ಅತ್ತೆ ಇಷ್ಟು ಭಾರವೆಂದು ಅವನಿಗೇನು ಗೊತ್ತು, ಸರಿಯಾಗಿ ನೋಡಿದವನೇ ಅಲ್ಲ. "ನಲುಕೆಂಗೆ, ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ" ಎಂದು ಬಗ್ಗಿಸುವಾಗ ಕಾಲು ಜಾರಿತು. ಇಬ್ಬರೂ ಮುಳುಗಿದರು. ಎದ್ದಾಗ ಬಟ್ಟೆ ಬಿಚ್ಚಿಹೋಗಿ, ಯಾರೋ ಗಡಸು ದನಿಯಲ್ಲಿ ಕೆಮ್ಮುತ್ತಿದ್ದರು. ಕಣ್ಣು ಬಿಟ್ಟರೆ ಎದುರಿಗೆ ನೆರೆತ ಗಡ್ಡ.

"ಮಾವ, ನೀವಾ?"

"ಮೆಲ್ಲಗೆ ಮಾತಾಡಯ್ಯಾ," ಎಂದ ಕಗ್ವಾ. "ಎರಡು ವರ್ಷ ಬೈದ ಬಾಯಲ್ಲಿ ಹೆಂಗೆ ಕೇಳ್ಲಿ? ತಂಗೀನ ಗೋಗರೆದು ಬಟ್ಟೆ ಇಸ್ಕೊಂಡೆ. ಆ ಕಿಟಕಿ ಹತ್ರ ನಿಂತು ಅದೆಷ್ಟು ಸಲ ಅತ್ತಿದೀನೋ."

ಸೆಬುನ್ಯಾನಿಗೂ ಅಳು ಬಂತು. ಮುದುಕನನ್ನು ತಬ್ಬಿಕೊಂಡು, ಈ ಸಲ ಅವನದೇ ಹೆಸರು ಹಿಡಿದು ಮುಳುಗಿಸಿದ. ಗಂಟುಮೂಟೆ ಕಟ್ಟುವುದು ತಪ್ಪಿತು, ಅತ್ತೆಯ ಕಾಟವೂ ತಪ್ಪಿತು ಎಂದುಕೊಂಡ.

ಊರಿಗೆ ಇದ್ದ ಆ ಒಂದೇ ತೊಗಟೆಬಟ್ಟೆ ಆಗಲೇ ನದಿಯ ತಿರುವು ದಾಟಿ ತೇಲಿಹೋಗಿತ್ತು. ನಂಟೊಂಗೊ ದಡದಿಂದ ನಗುತ್ತ ಕೂಗಿದಳು:

"ರೀ, ತಿರುಗಬೇಡಿ. ಅಮ್ಮ ನೀರಿಗಿಳಿದಿದಾಳೆ. ಹಿಂದೆ ಚಿಕ್ಕಮ್ಮಂದಿರು, ದೊಡ್ಡಮ್ಮಂದಿರು ಎಲ್ರೂ ಸೆರಗು ಕಟ್ಕೊಂಡು ನಿಂತಿದಾರೆ. ಎಲ್ರೂ ನಿಮಗೆ ಅತ್ತೆಯಂದಿರೇ. ನೀವೇ ಮುಳುಗಿಸ್ಬೇಕಂತೆ."