ಮಿಲ್ಪಿಟಾಸಿನ ಜನಿವಾರದ ನೂಲು

ಜಗತ್ತನ್ನು ಹಾಸುಹೊಕ್ಕಾಗಿ ನೇಯ್ದು, ಎಲ್ಲಿಯೂ ಗಂಟು ಕಾಣದಂತೆ ಮಡಿಸಿಟ್ಟ ಶ್ರೀಹರಿಯು ಈ ಕತೆಯ ಎಳೆಯೂ ಸಿಕ್ಕಾಗದಂತೆ ಕಾಯಲಿ.

ಎಂಬತ್ತರ ದಶಕದ ಒಂದು ಶ್ರಾವಣದಲ್ಲಿ, ಪ್ರತಿವರ್ಷ ಉಡುಪಿಯಿಂದ ಬರುತ್ತಿದ್ದ ಜನಿವಾರದ ಪಾರ್ಸೆಲ್ಲು ಕಡಲಾಚೆಯ ಮಿಲ್ಪಿಟಾಸಿಗೆ ಬರಲಿಲ್ಲ. ಮರುದಿನವೇ ಉಪಾಕರ್ಮ. ಸುತ್ತಲಿನ ವೈದಿಕರೆಲ್ಲ ಹಳೆಯ ಜನಿವಾರ ಕಳೆದು ಹೊಸದನ್ನು ಧರಿಸಲು ಎಂಜಿನಿಯರ್ ಆನಂದತೀರ್ಥರಾಯರ ಗರಾಜಿಗೇ ಬರುವವರು. ಹಿಂದಿನ ವರ್ಷ "ಅಂಗಡಿಯ ದಾರ ಕೂಡದು" ಎಂದು ಸಭೆಯಲ್ಲಿ ಗುಡುಗಿದ್ದವರೂ ರಾಯರೇ. ಆದ್ದರಿಂದ ತಕಲಿ ಹಿಡಿದು ಎಲ್ಲರಿಗೂ ಆಗುವಷ್ಟು ತಾವೇ ನೂತಿದ್ದರು. ಗಂಟು ಹಾಕುವುದಷ್ಟೇ ಬಾಕಿ.

ಅಂದು ಬೆಳಗ್ಗೆಯೇ ನೆರೆಮನೆಯ ಪದ್ಮಜಾ ಬಂದಳು. ಸಮುದಾಯ ಭವನದಲ್ಲಿ ಹದಿಹರೆಯದವರಿಗೆ ಘಾನಾ ದೇಶದ ಪಟ್ಟಿ ನೇಯ್ಗೆಯನ್ನೂ ಐರ್ಲೆಂಡಿನ ಕ್ರೋಷಾ ಲೇಸನ್ನೂ ಕಲಿಸುವವಳು.

"ರಾಯರೇ, ನನ್ನ ಜೊತೆ ಟೀಚರು ಬಂದಿಲ್ಲ. ಮಕ್ಕಳಿಗೆ ನೂಲೋದು ಸ್ವಲ್ಪ ತೋರ್ಸಿ."

"ನಾಳೆ ಉಪಾಕರ್ಮ ಕಣಮ್ಮ, ನಂಗೆಲ್ಲಿ ಟೈಮು?"

"ಅಲ್ಲೇ ಕೂತು ಗಂಟು ಹಾಕ್ಕೊಳಿ, ಯಾರು ಬೇಡ ಅಂತಾರೆ?"

ಒಳಗಿನಿಂದ ಪತ್ನಿ ವೇದವತಿ ದನಿಗೂಡಿಸಿದರು: "ಹೋಗ್ಬನ್ನಿ ಅಂದ್ರೆ. ಮನೇಲಿದ್ರೆ ಅದು ಮುಟ್ಟಬೇಡ, ಇದು ಮುಟ್ಟಬೇಡ ಅಂತ ಪ್ರಾಣ ತಿಂತೀರಿ."

ನೂಲು, ಹತ್ತಿಗಳ ಚೀಲದೊಡನೆ ಭವನಕ್ಕೆ ಹೋದ ರಾಯರು ತಕಲಿ ತಿರುಗಿಸಿ ತೋರಿಸಿದರು. ಬಳಿಕ ಮೂಲೆಯಲ್ಲಿ ಕುಳಿತು, ನೂಲನ್ನು ಪಕ್ಕದಲ್ಲಿಟ್ಟು, ಗಂಟಿಗೆ ಮೊದಲಿನ ಸಾವಿರದೆಂಟು ಗಾಯತ್ರೀಜಪಕ್ಕೆ ಕಣ್ಣು ಮುಚ್ಚಿದರು. ಜಪ ಮುಗಿಯುವವರೆಗೆ ಮಾತಿಲ್ಲ.

"ಸರ್, ಈ ಬಿಳಿ ನೂಲನ್ನು ಮಗ್ಗಕ್ಕೆ ಏರಿಸಬಹುದೇ?" ಎಂದು ಡೆನೀಸ್ ಎಂಬ ಹುಡುಗಿ ಇಂಗ್ಲಿಷಿನಲ್ಲಿ ಕೇಳಿದಳು. ಮಂತ್ರದ ಆವೃತ್ತಿಗೊಮ್ಮೆ ರಾಯರ ತಲೆ ಹರಿಕಥೆಯ ತಾಳದವನ ತಲೆಯಂತೆ ಮೇಲೆ ಕೆಳಗೆ ಆಡುತ್ತಿತ್ತು. "ಲೇಸಿಗೆ?" ಎಂದು ಇನ್ನೊಬ್ಬಳು ಕೇಳಿದಳು. ಅದಕ್ಕೂ ಆಡಿತು.

ಕಣ್ಣು ತೆರೆದಾಗ ಅರ್ಧ ನೂಲು ಕೆಂಪು ಹಳದಿಗಳೊಡನೆ ಪಟ್ಟಿಯಾಗಿತ್ತು, ಉಳಿದರ್ಧ ಕ್ರೋಷಾ ಕಡ್ಡಿಯಲ್ಲಿ ಲೇಸಿನ ಗುಲಾಬಿ ಹೂವಾಗಿತ್ತು. ರಾಯರ ಬಾಯಿ ಖಾಲಿ ಪಂಚಪಾತ್ರೆಯಂತೆ ತೆರೆದೇ ಉಳಿಯಿತು.

"ನೀವೇ ತಲೆಯಾಡಿಸಿದಿರಿ ಸರ್. ಬಿಚ್ಚಿಕೊಡುತ್ತೇವೆ," ಎಂದಳು ಡೆನೀಸ್.

ಅಷ್ಟರಲ್ಲಿ ಗೋಡೆಯ ಫೋನು ರಿಂಗಾಯಿತು. ಪದ್ಮಜಾ ಒಂದೇ ವಾಕ್ಯ ಕೇಳಿ, ಸಂತೋಷದಲ್ಲಿ ರಿಸೀವರ್ ಇಟ್ಟೇಬಿಟ್ಟಳು. "ರಾಯರೇ, ವೇದವತಿಯವರು. ಉಡುಪಿ ಪಾರ್ಸೆಲ್ಲು ಬಂತಂತೆ."

ರಾಯರಿಗೆ ಹೋದ ಜೀವ ಬಂತು, ಜೊತೆಗೆ ಔದಾರ್ಯವೂ ಬಂತು. "ಬಿಚ್ಚಬೇಡಿ ಮಕ್ಕಳೇ. ನಾಲ್ಕು ದೇಶದ ಕೈ ಸೇರಿದ ನೂಲು, ನಿಮ್ಮಲ್ಲೇ ಇರಲಿ," ಎಂದು ಚೀಲದಲ್ಲಿ ಉಳಿದಿದ್ದ ಹತ್ತಿಯನ್ನೂ ಹಂಚಿದರು. ಮಕ್ಕಳು ಪಟ್ಟಿಯನ್ನು ಕತ್ತರಿಸಿ, ಒಬ್ಬೊಬ್ಬರಿಗೊಂದು ತುಂಡಿನಂತೆ ಮನೆಗೆ ಒಯ್ದರು.

"ಎಲ್ಲೇ ಪಾರ್ಸೆಲ್ಲು?" ಎನ್ನುತ್ತಲೇ ರಾಯರು ಮನೆ ಹೊಕ್ಕರು.

"ನಿಮ್ಮ ಸ್ನೇಹಿತರು ಜಗನ್ನಾಥರು ಫ್ರೆಸ್ನೋ ಊರಿಗೆ ಹೊರಟಿದ್ರು. ಅಲ್ಲಿಯವರಿಗೂ ಜನಿವಾರ ಇಲ್ವಂತೆ. ನೀವು ಅಷ್ಟೊಂದು ನೂತಿಟ್ಟಿದೀರಲ್ಲ, ಪಾರ್ಸೆಲ್ಲನ್ನೇ ಅವ್ರ ಕೈಲಿ ಕೊಟ್ಟು ಕಳಿಸ್ದೆ. ಫೋನಲ್ಲಿ ಅದನ್ನೇ ಹೇಳ್ತಿದ್ದೆ, ಪದ್ಮಜಾ ಅರ್ಧಕ್ಕೇ ಇಟ್ಟಳು."

ರಾಯರು ತಕಲಿ ತೆಗೆದುಕೊಂಡು ಕುಳಿತರು. ನೂಲಲು ಹತ್ತಿ ಇರಲಿಲ್ಲ. ನಡೆದುದನ್ನು ಕೇಳಿದ ವೇದವತಿ ಔಷಧದ ಡಬ್ಬಿ ತೆರೆದು, ಗಾಯಕ್ಕೆಂದು ಇಟ್ಟಿದ್ದ ಹತ್ತಿಯ ಸುರುಳಿಯನ್ನು ಅವರ ಮುಂದಿಟ್ಟರು.

"ಇದು ಅಂಗಡೀದಲ್ವೇನೇ?"

"ಅಂಗಡಿ ದಾರ ಕೂಡದು ಅಂದಿದ್ರಿ. ಹತ್ತಿಗೆ ಏನೂ ಅಂದಿರ್ಲಿಲ್ಲ."

ಇದನ್ನು ಕೇಳಿದವರೆಲ್ಲರ ಬಾಳಿನ ಎಳೆ ಹರಿಯದಿರಲಿ, ಮನೆಯಲ್ಲಿ ಹತ್ತಿ ಮುಗಿಯದಿರಲಿ, ಸರ್ವರಿಗೂ ಮಂಗಳವಾಗಲಿ.