ಅವಸರವಿಲ್ಲದ ಮೇಷ್ಟ್ರು

ಫಾರಂ ತುಂಬುವುದೆಂದರೆ ನನಗೆ ಮೊದಲಿನಿಂದಲೂ ಹಲ್ಲು ಕೀಳಿಸಿಕೊಂಡ ಹಾಗೆ. ನನ್ನ ಹೆಸರು ಬರೆಯುವಾಗಲೇ 'ತಪ್ಪಾದರೆ?' ಎಂದು ಎರಡು ಸಲ ಬೆವರುತ್ತೇನೆ. ಹೈದರಾಬಾದು ಆಂಧ್ರದ ರಾಜಧಾನಿಯಾಗಿದ್ದ ದಿನಗಳಲ್ಲಿ ಅಂಥ ನನ್ನ ಕೈಗೆ ಒಂದು ತೆಲುಗು ಫಾರಂ ಬಂತು. ಮೇಷ್ಟ್ರುಗಳ ಗುಣಮಟ್ಟ ಹೆಚ್ಚಿಸಲು ಸರಕಾರ ಜಿಲ್ಲೆಗಳಿಗೆ ಅನುದಾನ ಕೊಟ್ಟಿತ್ತು. ಯಾರಿಗೆ ಯಾವುದರಲ್ಲಿ ತರಬೇತಿ ಬೇಕೆಂದು ಮೊದಲು ವಿಚಾರಿಸುತ್ತಿದ್ದರು.

ನನಗಂತೂ ಬೇಕಾಗಿತ್ತು, ಸುಳ್ಳೇಕೆ ಹೇಳಲಿ. ಅಲ್ಲಿನ ಕನ್ನಡ ಶಾಲೆಯೊಂದರಲ್ಲಿ ಹದಿನೆಂಟು ವರ್ಷದಿಂದ ಭಿನ್ನರಾಶಿ ಕಲಿಸುತ್ತಿದ್ದೆ. ಒಂದು ದಿನ ಆರನೆಯ ತರಗತಿಯ ರೇಣುಕಾ ಎದ್ದು ನಿಂತು, "ಸರ್, ಭಾಗಿಸೂ ಮುಂದ ಕೆಳಗಿಂದು ಮ್ಯಾಲ ಮಾಡಿ ಯಾಕ ಗುಣಿಸಬೇಕ್ರಿ?" ಎಂದಳು. "ನಿಯಮ ಐತಿ, ಕೂಡು" ಎಂದೆ. ಕೂತಳು. ಆದರೆ ಅಂದಿನಿಂದ ಆ ಹುಡುಗಿ ನನ್ನನ್ನು ಕರುಣೆಯಿಂದ ನೋಡತೊಡಗಿದಳು.

ತೆಲುಗು ಲಿಪಿ ನಮ್ಮದರ ತಂಗಿಯಂತಿರುವುದರಿಂದ ನಾನದನ್ನು ಧೈರ್ಯವಾಗಿ ಕನ್ನಡದ ಕಣ್ಣಿನಿಂದಲೇ ಓದುತ್ತೇನೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಹಿಂದಿ. ತೆಲುಗು ಬಸ್ಸಿನ ಬೋರ್ಡಿಗೆ ಸಾಕಾಗುವಷ್ಟು. ಫಾರಂನಲ್ಲಿ 'ಭಿನ್ನಾಲು: ಶಿಕ್ಷಣ ಅವಸರಮಾ?' ಎಂದಿತ್ತು. ಭಿನ್ನರಾಶಿಯ ತರಬೇತಿ ಅವಸರವೇ ಎಂದು ಕೇಳುವಷ್ಟು ಸರಕಾರಕ್ಕೆ ಮರ್ಯಾದೆ ಇರುವಾಗ ನಾನು ಈಗಲೇ ಬೇಕೆಂದು ಹಟ ಹಿಡಿಯಬಹುದೇ? 'ಅವಸರಂ ಲೇದು' ಎಂದು ದುಂಡಗೆ ಬರೆದುಕೊಟ್ಟೆ.

ಹದಿನೈದು ದಿನದಲ್ಲಿ ಆದೇಶ ಬಂತು. ಹೆಡ್‌ಮಾಸ್ತರರು ಕರೆದು, "ಭಾಳ ಧೈರ್ಯ ಬಿಡ್ರಿ ನಿಮ್ಮದು! ತರಬೇತಿ ಬ್ಯಾಡ ಅಂದಾವ್ರು ನೀವೊಬ್ರ. ಅದಕ್ಕ ಭಿನ್ನರಾಶಿ ಮ್ಯಾಲ ತರಬೇತಿ ಕೊಡಾಕ ನಿಮ್ಮನ್ನ ಹಾಕ್ಯಾರ" ಎಂದರು.

"ಬ್ಯಾಡ ಅಂದಿಲ್ರಿ ಸರ್, ಅವಸರ ಇಲ್ಲ ಅಂದೀನಿ!"

"ತೆಲುಗಿನಾಗ ಅವಸರ ಅಂದ್ರ ಅಗತ್ಯ ರೀ, ಮಹಾರಾಯ್ರ!"

ಮನೆಯಲ್ಲಿ ಹೆಂಡತಿ, "ಬೇಗಂ ಬಜಾರಕ್ಕ ಜೀರಗಿ ತರಾಕ ಕಳಿಸಿದ್ರ ಬಡೇಸೋಪು ತರಾವ್ರು ನೀವು. ಬಾಜೂ ಮನಿಯವ್ರನ್ನರ ಕೇಳಬಾರದಿತ್ತೇನ್ರಿ?" ಎಂದು ಹಣೆ ಬಡಿದುಕೊಂಡಳು.

ತರಬೇತಿಯ ದಿನ ಬಂದೇಬಿಟ್ಟಿತು. ಎದುರಿಗೆ ನಲವತ್ತು ಮೇಷ್ಟ್ರುಗಳು. ಹಲಗೆಯ ಮೇಲೆ ಅರ್ಧವನ್ನು ಕಾಲಿನಿಂದ ಭಾಗಿಸುವ ಲೆಕ್ಕ ಬರೆದೆ. ಮುಂದೆ ಏನೂ ಹೊಳೆಯಲಿಲ್ಲ. ತಿರುಗಿ ನಿಂತು ನನ್ನ ಬೀದಿಯ ಹಿಂದಿಯಲ್ಲೇ, "ಯಾಕೆ ತಿರುಗಿಸಿ ಗುಣಿಸಬೇಕೋ, ಮೇರೇಕು ನೈ ಮಾಲೂಮ್. ನೀವೇ ಹೇಳಿ" ಎಂದುಬಿಟ್ಟೆ. ವಯಸ್ಸಾದ ಟೀಚರಮ್ಮ ಒಬ್ಬರು ತಮ್ಮ ಡಬ್ಬಿಯಿಂದ ರೊಟ್ಟಿ ತೆಗೆದು ಹರಿದರು. ಒಂದು ರೊಟ್ಟಿಯಲ್ಲಿ ನಾಲ್ಕು ಕಾಲು. ಅರ್ಧ ರೊಟ್ಟಿಯಲ್ಲಿ ಆ ನಾಲ್ಕರ ಅರ್ಧ, ಎರಡು. ನಾಲ್ಕರಿಂದ ಗುಣಿಸುವುದು ಅದಕ್ಕೇ! ಎಲ್ಲರೂ ಡಬ್ಬಿ ತೆರೆದರು, ಜಗಳಾಡಿದರು, ಹರಿದರು, ತಿಂದರು. ಎಲ್ಲರಿಗಿಂತ ಹೆಚ್ಚು ಕಲಿತವನು ನಾನೇ. ಮರುದಿನ ರೇಣುಕಾಳ ಮುಂದೆ ರೊಟ್ಟಿ ಹರಿದಾಗ ಅವಳು, "ಹಂಗಂದ್ರ ಸರಿ ಐತ್ರಿ ಸರ್" ಎಂದು ನನ್ನನ್ನು ಪಾಸು ಮಾಡಿದಳು.

ತರಬೇತಿಗೆ ಬಂದವರು ಬರೆದುಕೊಟ್ಟಿದ್ದ ಅಭಿಪ್ರಾಯಗಳು ತೆಲುಗಿನಲ್ಲಿದ್ದುದರಿಂದ ನಾನೇ ಓದುವ ಸಾಹಸ ಮಾಡಲಿಲ್ಲ. ಹೆಡ್‌ಮಾಸ್ತರರು ಓದಿ ಹೇಳಿದರು. 'ಏನೂ ಗೊತ್ತಿಲ್ಲದವರಂತೆ ನಟಿಸಿ ಕಲಿಸುವ ಪದ್ಧತಿ ಅದ್ಭುತ. ಸಾರ್ ಅವರ ಅಭಿನಯ ಎಷ್ಟು ಸಹಜವಾಗಿತ್ತೆಂದರೆ, ನಾವೂ ನಂಬಿಬಿಟ್ಟಿದ್ದೆವು.'

ಇಷ್ಟು ವರ್ಷ ಗೊತ್ತಿರುವವನಂತೆ ನಟಿಸಿದ್ದೆನಲ್ಲ, ಅದನ್ನು ಒಬ್ಬರೂ ಹೊಗಳಿರಲಿಲ್ಲ.