ಬೂಟು ಬಿಚ್ಚಿ ಎಣಿಸುವ ಮಾವ

ನಮ್ಮ ಸೋದರಮಾವ ಕುಕ್ಕರಿಗೆ ಹೆದರುತ್ತಾರೆ. ಅಜ್ಜಂಪುರದ ಆಚೆ ಅವರು ಕೆಲಸ ಮಾಡುವ ಸುಣ್ಣಕಲ್ಲಿನ ಗಣಿಯಲ್ಲಿ ಈ ಮಾತನ್ನು ಹೇಳಿದರೆ ಯಾರೂ ನಂಬುವುದಿಲ್ಲ. ಇಪ್ಪತ್ತಾರು ವರ್ಷಗಳಿಂದ ಬಂಡೆಗೆ ಮದ್ದು ತುಂಬಿ ಸಿಡಿಸುತ್ತಿರುವ ಮನುಷ್ಯ. ಅವರು ಸಿಡಿಸುವ ಪೆಟ್ಟಿಗೆಯ ಕೀಲಿ ತಿರುಗಿಸಿದರೆ ಗುಡ್ಡದ ಒಂದು ಪಕ್ಕೆ ಕೆಳಗಿಳಿದು ಮಲಗುತ್ತದೆ. ಅಂಥವರು ಚೌಳಹಿರಿಯೂರಿನ ತಮ್ಮ ಮನೆಯಲ್ಲಿ, ಐದು ಲೀಟರಿನ ಕುಕ್ಕರ್ ಕೂಗಲಿಲ್ಲವೆಂದು, ಮನೆಮಂದಿಯನ್ನೆಲ್ಲ ಅಂಗಳಕ್ಕೆ ಅಟ್ಟಿದರು ಎಂದರೆ ಯಾರು ತಾನೇ ನಂಬಿಯಾರು?

ಆವತ್ತು ಬೀಗರು ಊಟಕ್ಕೆ ಬಂದಿದ್ದರು. ಅತ್ತೆ ಒಲೆ ಆರಿಸಿ ಕುಕ್ಕರಿನ ಮುಚ್ಚಳಕ್ಕೆ ಕೈ ಹಾಕಿದ್ದಳು. ಮಾವ ಅಡಿಗೆಮನೆಯ ಬಾಗಿಲಲ್ಲಿ ಎರಡೂ ಕೈ ಚಾಚಿ ನಿಂತರು.

"ಮುಟ್ಬೇಡ. ಅದು ಕೂಗಿಲ್ಲ."

"ಎರಡು ಸಲ ಕೂಗ್ತಲ್ರೀ."

"ಕೂಗಿಲ್ಲ ಅಂದೆ. ಮಿಸ್ ಆಗಿರೋದ್ರ ಹತ್ರ ಅರ್ಧ ಗಂಟೆ ಯಾರೂ ಹೋಗಂಗಿಲ್ಲ. ನಡೀರಿ ಎಲ್ಲಾ ಆಚೆಗೆ."

ಮದ್ದು ತುಂಬಿದ ಕುಳಿ ಸಿಡಿಯದೆ ಉಳಿದರೆ ಅದಕ್ಕೆ ಗಣಿಯಲ್ಲಿ ಮಿಸ್ ಎನ್ನುತ್ತಾರೆ. ಅರ್ಧ ಗಂಟೆ ಅದರ ಹತ್ತಿರ ಯಾರೂ ಸುಳಿಯಬಾರದು ಎಂಬುದು ನಮ್ಮ ಗಣಿಯ ನಿಯಮ. ಕುಕ್ಕರಿಗೂ ಅದೇ ನಿಯಮ ಎಂದು ಯಾವ ಪುಸ್ತಕದಲ್ಲೂ ಇಲ್ಲ. ಬೀಗರು ಊಟಕ್ಕೆ ಮುಂಚೆಯೇ ಎಲೆ ಅಡಿಕೆ ಹಾಕಿಕೊಂಡು ಜಗಲಿಯಲ್ಲಿ ಕುಳಿತರು. ಅರ್ಧ ಗಂಟೆಯ ನಂತರ ಮಾವ ಒಬ್ಬರೇ ಒಳಗೆ ಹೋಗಿ, ಮುಚ್ಚಳ ತೆಗೆದು, "ಬರಬೌದು" ಎಂದು ಕೂಗಿದರು. ಅನ್ನ ಒಂದೇ ಉಂಡೆಯಾಗಿತ್ತು. ಬೀಗರಲ್ಲಿ ಹಿರಿಯರೊಬ್ಬರು ಅದನ್ನು ನೋಡಿ ಅತ್ತೆಗೆ, "ಹೋಗ್ಲಿ ಬಿಡಮ್ಮ, ಮುದ್ದೆ ತೊಳಸೋ ಕೆಲಸ ಉಳೀತು" ಎಂದರು.

ದೀಪಾವಳಿಯ ಕಥೆ ಇನ್ನೂ ಕಷ್ಟದ್ದು. ಮಾವನ ಮನೆಯಲ್ಲಿ ಹಬ್ಬಕ್ಕೆ ಒಂದೇ ಒಂದು ಆನೆ ಪಟಾಕಿ ಹಚ್ಚುತ್ತಿದ್ದರು. ಅದಕ್ಕೂ ಮೊದಲು ಬೀದಿಯ ಎರಡು ತುದಿಗೂ ಕಾವಲು ಬೇಕು. ಒಂದು ತುದಿಗೆ ಅತ್ತೆ, ಇನ್ನೊಂದು ತುದಿಗೆ ನಮ್ಮ ಅಜ್ಜಿ, ಅಂದರೆ ಮಾವನ ಸ್ವಂತ ತಾಯಿ. ಹಬ್ಬದ ಸೀರೆ ಉಟ್ಟು, ಕೈಯಲ್ಲಿ ಕೆಂಪು ಟವೆಲ್ ಹಿಡಿದು ನಿಂತ ಅಜ್ಜಿಯನ್ನು ಕಂಡು ಎಮ್ಮೆ ಹೊಡೆದುಕೊಂಡು ಬಂದವನೊಬ್ಬ ಕೇಳಿದ: "ಏನಜ್ಜಿ, ರೈಲು ನಿಲ್ಲಿಸ್ತೀರಾ?"

"ರೈಲಾದ್ರೆ ನಿಲ್ಲುತ್ತೆ ಕಣಪ್ಪ. ನನ್ ಮಗ ನಿಲ್ಲಲ್ಲ."

ಆ ವರ್ಷದ ಪಟಾಕಿ ಟುಸ್ಸೆಂದಿತು. ಎಮ್ಮೆಗಳು ಅರ್ಧ ಗಂಟೆ ಅಲ್ಲೇ ನಿಂತವು.

ಇದನ್ನೆಲ್ಲ ಹೇಳಿ ಹಾಸ್ಟೆಲಿನಲ್ಲಿ ಗೆಳತಿಯರನ್ನು ನಗಿಸುತ್ತಿದ್ದೆ. ಗಣಿ ಎಂಜಿನಿಯರಿಂಗ್ ಓದಿ ಮುಗಿಸಿ ಅದೇ ಗಣಿಗೆ ಕೆಲಸಕ್ಕೆ ಸೇರುವವರೆಗೆ ನನಗೂ ಇವು ಕಥೆಗಳೇ ಆಗಿದ್ದವು. ನನಗೆ ಸಿಕ್ಕ ಕೆಲಸ, ಸಿಡಿತದ ಸುರಕ್ಷತಾ ವ್ಯವಸ್ಥೆಯನ್ನು ಹೊಸದಾಗಿ ಕಟ್ಟುವುದು ಮತ್ತು ಅದು ದಿನವೂ ನಡೆಯುವಂತೆ ನೋಡಿಕೊಳ್ಳುವುದು. ಗುಡ್ಡಕ್ಕೆ ಬರುವ ನಾಲ್ಕು ದಾರಿಗಳಿಗೂ ಒಬ್ಬೊಬ್ಬ ಕಾವಲುಗಾರ. ಮೂರು ಸಲ ಸೈರನ್. ಮೂರನೆಯ ಸೈರನ್ನಿನ ನಂತರ ಕೀಲಿ. ನಡುವೆ ಯಾವ ದಾರಿಯಿಂದಲಾದರೂ ಉದ್ದನೆಯ ಒಂದು ಶಿಳ್ಳೆ ಕೇಳಿದರೆ, ಎಲ್ಲವೂ ಅಲ್ಲಿಗೇ ನಿಲ್ಲಬೇಕು. ಇಷ್ಟನ್ನು ಬರೆದು, ಅಚ್ಚು ಹಾಕಿಸಿ, ಗೋಡೆಗೆ ಅಂಟಿಸಿದೆ. ಮಾವ ಅದನ್ನು ನಿಧಾನವಾಗಿ ಓದಿದರು. ಮನೆಯಲ್ಲಿ ನನ್ನನ್ನು ಕೂಸೇ ಎನ್ನುವವರು ಗಣಿಯಲ್ಲಿ ಎಲ್ಲರ ಮುಂದೆ, "ಚೆನ್ನಾಗೈತೆ ಮೇಡಮ್ಮೋರೆ. ದೀಪಾವಳೀಲಿ ನಾನು ಮಾಡ್ತಿದ್ದದ್ದೇ ಅಲ್ವಾ?" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಏಕೆಂದರೆ ಅದು ನಿಜವಾಗಿತ್ತು.

ನಮ್ಮಿಬ್ಬರ ಜಗಳ ಬಂದದ್ದು ಬೂಟಿನ ವಿಷಯಕ್ಕೆ. ಸಿಡಿಸುವವರು ನಿಲ್ಲುವುದಕ್ಕೆ ಒಂದು ಕಬ್ಬಿಣದ ಗೂಡು ಇದೆ. ಅದರ ನೆಲ ಬರೀ ಬಂಡೆ. ಮಾವ ಅಲ್ಲಿಗೆ ಹೋದ ಕೂಡಲೇ ಬೂಟು ಬಿಚ್ಚಿ, ಕಾಲುಚೀಲ ಮಡಿಸಿ ಒಳಗಿಟ್ಟು, ಬರಿಗಾಲಲ್ಲಿ ನಿಲ್ಲುತ್ತಿದ್ದರು. ಭೂಮಿತಾಯಿಗೆ ಮರ್ಯಾದೆ ಕೊಡುತ್ತಾರೆ ಎಂದು ಕೆಲಸದವರು ಹೇಳುತ್ತಿದ್ದರು. ಮರ್ಯಾದೆಗೆ ನನ್ನ ನಿಯಮದಲ್ಲಿ ಜಾಗವಿರಲಿಲ್ಲ. "ಬೂಟಿಲ್ಲದೆ ಕಂಡುಬಂದರು" ಎಂದು ಮೂರು ಸಲ ರಿಜಿಸ್ಟರಿನಲ್ಲಿ ಬರೆದೆ. ಮೂರು ಸಲವೂ ಮಾವ ಕೆಳಗೆ ದುಂಡಾಗಿ ಸಹಿ ಹಾಕಿ, ಮತ್ತೆ ಹೋಗಿ ಬೂಟು ಬಿಚ್ಚಿದರು.

"ಯಾಕೆ ಮಾವ ಹೀಗೆ?"

"ಬೂಟು ಹಾಕ್ಕಂಡ್ರೆ ಎಣಿಕೆ ತಪ್ಪುತ್ತೆ ಕಣೇ."

ಎಣಿಕೆ ಎಂದರೆ ಸದ್ದಿನ ಎಣಿಕೆ. ನಮ್ಮಲ್ಲಿ ಕುಳಿಗಳು ಒಟ್ಟಿಗೆ ಸಿಡಿಯುವುದಿಲ್ಲ, ಅರ್ಧರ್ಧ ಸೆಕೆಂಡಿಗೆ ಒಂದರಂತೆ ಸಿಡಿಯುತ್ತವೆ. ಹದಿನಾಲ್ಕು ಕುಳಿಗೆ ಹದಿನಾಲ್ಕು ಸದ್ದು ಬಂದರೆ ಕ್ಷೇಮ. ಒಂದು ಕಡಿಮೆಯಾದರೆ ಆ ಕಲ್ಲುರಾಶಿಯೊಳಗೆ ಎಲ್ಲೋ ಒಂದು ಕುಳಿ ಜೀವಂತವಾಗಿದೆ ಎಂದರ್ಥ. ಅದನ್ನು ಕಾಲಿನಿಂದ ಎಣಿಸುತ್ತಾರೆಯೇ?

ಒಂದು ದಿನ ಎಣಿಸಿದರು. ಹದಿನಾಲ್ಕು ಕುಳಿ ತುಂಬಿದ್ದೆವು. ನಾನು ಹದಿನಾಲ್ಕು ಎಣಿಸಿದೆ, ಮ್ಯಾನೇಜರು ಹದಿನಾಲ್ಕು ಎಣಿಸಿದರು. ಮಾವ ಮಾತ್ರ, "ಹದಿಮೂರು" ಎಂದರು.

ಕೆಳಗೆ ಲಾರಿಗಳು ಸಾಲುಗಟ್ಟಿದ್ದವು. ಮ್ಯಾನೇಜರು ಸಿಟ್ಟಾದರು. "ಏನ್ರೀ, ಎಲ್ರಿಗೂ ಕೇಳಿದ್ದು ನಿಮಗೊಬ್ರಿಗೆ ಕೇಳ್ಲಿಲ್ವಾ?"

ಮಾವ ಹೋಗಿ ದಾರಿಯ ನಡುವೆ ಕಾಲು ಚಾಚಿ ಕುಳಿತರು. ಅವರನ್ನು ದಾಟಿ ಯಾರೂ ಹೋಗುವಂತಿರಲಿಲ್ಲ. ಅರ್ಧ ಗಂಟೆ ಕಳೆದ ಮೇಲೆ ಒಬ್ಬರೇ ಹೋಗಿ, ಕಲ್ಲಿನ ಅಡಿಯಲ್ಲಿ ಹರಿದುಹೋದ ವೈರನ್ನೂ, ಅದರ ಕೆಳಗೆ ಮದ್ದು ತುಂಬಿದ ಹಾಗೇ ಉಳಿದಿದ್ದ ಕುಳಿಯನ್ನೂ ತೋರಿಸಿದರು. ಕುಳಿ ಕೊರೆಯುವ ಕೆಲಸದವನು ಮಧ್ಯಾಹ್ನ ಯಂತ್ರ ಇಡಬೇಕಾಗಿದ್ದುದು ಸರಿಯಾಗಿ ಆ ಜಾಗದಲ್ಲೇ. ಅವನು ಬಗ್ಗಿ ಮಾವನ ಬರಿಗಾಲು ಮುಟ್ಟಿದ.

"ಬಿಡಪ್ಪ, ಧೂಳೈತೆ" ಎಂದರು ಮಾವ.

ನಮಗೆಲ್ಲ ಕೇಳಿಸಿದ ಹದಿನಾಲ್ಕನೆಯದು ಎದುರು ಗುಡ್ಡದ ಪ್ರತಿಧ್ವನಿ. ಮಾವ ಹೇಳಿದರು: "ಕಿವಿ ಸುಳ್ಳು ಹೇಳುತ್ತೆ ಕೂಸೇ, ನೆಲ ಹೇಳಲ್ಲ." ಬೂಟಿನ ಬಗ್ಗೆ ಬರೆಯುವುದನ್ನು ನಾನು ಅಂದಿಗೆ ಬಿಟ್ಟೆ. ನಮ್ಮ ಮಾವ ಅಂಗಾಲಿನಲ್ಲಿ ಎಣಿಸುತ್ತಾರೆ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದೆ. ಯಾಕೆ ಅಂಗಾಲಿನಲ್ಲಿ ಎಂದು ಮಾತ್ರ ಯೋಚಿಸಲಿಲ್ಲ. ಅಷ್ಟು ಓದಿದವಳು!

ಯೋಚಿಸಿದ್ದು ಒಂದು ಸೋಮವಾರ. ಮೂರನೆಯ ಸೈರನ್ ಆಗಿತ್ತು. ಮಾವ ಗೂಡಿನಲ್ಲಿ ಬರಿಗಾಲಲ್ಲಿ ನಿಂತು ಕೀಲಿ ಹಾಕಿದ್ದರು. ನಾನು ಅವರ ಪಕ್ಕದಲ್ಲಿದ್ದೆ. ಆಗ ಪೂರ್ವದ ದಾರಿಯಿಂದ ಉದ್ದನೆಯ ಶಿಳ್ಳೆ ಬಂತು. ಆ ದಾರಿ ಕಲ್ಲುರಾಶಿಯ ಮರೆಯಲ್ಲಿದೆ, ಗೂಡಿಗೆ ಕಾಣುವುದಿಲ್ಲ. ಶಿಳ್ಳೆಯ ಹಿಂದೆಯೇ ಕಾವಲುಗಾರನ ಕೂಗು ಬಂತು: "ನಿಲ್ಸೀ, ನಿಲ್ಸೀ, ಹೆಂಗಸು ಅವ್ಳೆ."

ಮಾವನ ಮುಖದಲ್ಲಿ ಏನೂ ಬದಲಾಗಲಿಲ್ಲ. ಅವರ ಬೆರಳು ಕೀಲಿಯನ್ನು ತಿರುಗಿಸಲು ಹೊರಟಿತು.

ನಾನು ಅವರ ಮಣಿಕಟ್ಟು ಹಿಡಿದೆ. ಎಷ್ಟು ಬಲವಾಗಿ ಹಿಡಿದೆನೆಂದರೆ ನನ್ನ ಉಗುರು ಅವರ ಚರ್ಮಕ್ಕೆ ಇಳಿದಿತ್ತು. ಅವರು ಬೆರಗಾಗಿ ನೋಡಿದರು. ನಾನು ಕೈಸನ್ನೆ ಮಾಡಿ, "ವೈರು ಸಡಿಲ ಇದೆ, ಇನ್ನೊಮ್ಮೆ ನೋಡಿ" ಎಂದೆ. ಅವರು ನೋಡಿದರು. ಅಷ್ಟರಲ್ಲಿ ಕಾವಲುಗಾರ, ಹುಲ್ಲಿನ ಹೊರೆ ಹೊತ್ತು ಒಳಗೆ ಬಂದಿದ್ದ ಆ ಹೆಂಗಸನ್ನು ಆಚೆ ಕಳಿಸಿದ್ದ. ಅವನ ಲೆಕ್ಕದಲ್ಲಿ ಶಿಳ್ಳೆ ಹೊಡೆದ, ಸಿಡಿತ ನಿಂತಿತು, ವ್ಯವಸ್ಥೆ ಸರಿಯಾಗಿದೆ. "ಶಿಳ್ಳೆ ಕೇಳಿ ನಿಲ್ಲಿಸಲಾಯಿತು" ಎಂದು ನಾನೂ ರಿಜಿಸ್ಟರಿನಲ್ಲಿ ಬರೆದೆ, ಅವಳ ಹೆಸರನ್ನೂ ಕುಳಿಯಿಂದ ಅವಳಿದ್ದ ದೂರವನ್ನೂ ಕಾವಲುಗಾರನಿಂದ ಕೇಳಿ ಸೇರಿಸಿದೆ. ಕೇಳಿದ್ದು ಯಾರಿಗೆ ಎಂದು ಬರೆಯಲಿಲ್ಲ.

ಮಾವನಿಗೆ ಕಿವಿ ಕೇಳುವುದಿಲ್ಲ ಎಂದು ಬರೆದರೆ ಅವರು ಇನ್ನು ಕೀಲಿ ಮುಟ್ಟುವಂತಿಲ್ಲ. ಬರೆಯದಿದ್ದರೆ, ಮುಂದಿನ ಶಿಳ್ಳೆಯ ಹೊತ್ತಿಗೆ ನಾನು ಪಕ್ಕದಲ್ಲಿ ಇರುತ್ತೇನೆಂದು ಯಾವ ಖಾತ್ರಿ? ಶುಕ್ರವಾರ ಕಡೂರಿನಲ್ಲಿ ಅವರ ವರ್ಷದ ವೈದ್ಯಕೀಯ ತಪಾಸಣೆ ಇತ್ತು. ಯಂತ್ರವೇ ಹೇಳಲಿ, ನಾನೇಕೆ ಹೇಳಬೇಕು ಎಂದುಕೊಂಡೆ. ಅಲ್ಲಿಯವರೆಗೆ ಏನೇನೋ ನೆಪ ಹೇಳಿ ಸಿಡಿತ ಮುಂದೂಡಿದೆ.

ಕಡೂರಿನ ಕ್ಲಿನಿಕ್ಕಿನಲ್ಲಿ ಮಾವನನ್ನು ಗಾಜಿನ ಕೋಣೆಯೊಳಗೆ ಕೂರಿಸಿ ಕಿವಿಗೆ ಯಂತ್ರ ಹಾಕಿದರು. ಸದ್ದು ಕೇಳಿದಾಗ ಬೆರಳೆತ್ತಬೇಕು. ಹೊರಗೆ ಗುಂಡಿ ಒತ್ತುವ ಹುಡುಗಿ ಎರಡೂ ಕೈಗೆ ಗಾಜಿನ ಬಳೆ ತೊಟ್ಟಿದ್ದಳು. ಗುಂಡಿ ಒತ್ತಿದಾಗಲೆಲ್ಲ ಬಳೆಗಳು ಒಂದಿಷ್ಟು ಮುಂದಕ್ಕೆ ಜಾರುತ್ತಿದ್ದವು. ಬಳೆ ಜಾರಿದಾಗಲೆಲ್ಲ ಮಾವನ ಬೆರಳು ಮೇಲೇಳುತ್ತಿತ್ತು. ಒಂದೂ ತಪ್ಪಲಿಲ್ಲ. ಅವರು ಎಣಿಕೆಯಲ್ಲಿ ಎಂದಾದರೂ ತಪ್ಪಿದ್ದುಂಟೆ?

"ಅಂಕಲ್ ಕಿವಿ ಇಪ್ಪತ್ತು ವರ್ಷದ ಹುಡುಗರ ಕಿವಿ ಇದ್ದಂಗಿದೆ ಮೇಡಂ" ಎಂದು ಹುಡುಗಿ ಚೀಟಿ ಕೊಟ್ಟಳು.

ಅದನ್ನು ಚೀಲದಲ್ಲಿಟ್ಟುಕೊಂಡು ಬಸ್ ನಿಲ್ದಾಣಕ್ಕೆ ಬಂದೆವು. ಮಾವ ಖುಷಿಯಲ್ಲಿದ್ದರು. ಕಡಲೆಕಾಯಿ ಕೊಂಡು, ಸುಲಿದು ಸುಲಿದು ನನ್ನ ಅಂಗೈಗೆ ಹಾಕುತ್ತಿದ್ದರು.

"ಮಾವ, ಸೋಮವಾರ ವೈರು ಸಡಿಲ ಇರಲಿಲ್ಲ" ಎಂದೆ.

ಅವರು ನಗುತ್ತಾ ತಲೆಯಾಡಿಸಿದರು. ನಾನು ಗಣಿಗೆ ಸೇರಿದ ಈ ಎರಡು ವರ್ಷದಿಂದ ಹೇಳಿದ್ದಕ್ಕೆಲ್ಲ ಅವರು ಹೀಗೇ ತಲೆಯಾಡಿಸಿದ್ದರು. ನಾನು ಅದನ್ನು ಒಪ್ಪಿಗೆ ಎಂದುಕೊಂಡಿದ್ದೆ. ಇನ್ನೊಮ್ಮೆ, ಸ್ವಲ್ಪ ಗಟ್ಟಿಯಾಗಿ ಹೇಳಿದೆ.

"ಹೂಂ, ಬಸ್ಸು ಬರುತ್ತೆ ಬಿಡು" ಎಂದರು.

ನಾಲ್ಕು ಜನ ತಿರುಗಿ ನೋಡುವಂತೆ ನಾನು ಜೀವನದಲ್ಲಿ ಮಾತಾಡಿದವಳಲ್ಲ. ಎದ್ದು ನಿಂತು, ಅವರ ಮುಖದ ಎದುರಿಗೆ ಕೂಗಿದೆ: "ಶಿಳ್ಳೆ ಹೊಡೆದ್ರು ಮಾವ. ನಿಮಗೆ ಕೇಳಿಸ್ಲಿಲ್ಲ. ಅಲ್ಲೊಬ್ಬಳು ಹೆಂಗಸಿದ್ಲು."

ತರೀಕೆರೆ ತರೀಕೆರೆ ಎಂದು ಕರೆಯುತ್ತಿದ್ದ ಕಂಡಕ್ಟರ್ ಬಾಯಿ ಮುಚ್ಚಿದ. ಬೆಂಚುಗಳ ಮೇಲಿದ್ದವರೆಲ್ಲ ನಮ್ಮತ್ತ ತಿರುಗಿದರು. ಮಾವನ ಕೈಯಲ್ಲಿ ಸುಲಿಯದ ಕಡಲೆಕಾಯಿಯೊಂದು ಹಾಗೇ ನಿಂತಿತು.

"ಕುಳಿಯಿಂದ ಎಷ್ಟು ದೂರ?" ಎಂದು ಕೇಳಿದರು.

"ಅರವತ್ತು ಹೆಜ್ಜೆ."

ಒಂದು ಬಸ್ಸು ಬಂದು ತುಂಬಿ ಹೋಯಿತು. ನಮ್ಮದೇ ಬಸ್ಸು. ಇಬ್ಬರೂ ಏಳಲಿಲ್ಲ.

"ಇಪ್ಪತ್ತಾರು ವರ್ಷದಲ್ಲಿ ನನ್ ಕೈಯಾಗೆ ಒಂದು ಕೋಳೀನೂ ಸತ್ತಿಲ್ಲ."

"ಗೊತ್ತು ಮಾವ."

"ಆ ಚೀಟಿ ಹರಿದಾಕು. ಈಗ್ಲೇ ವಾಪಸ್ ಹೋಗಾಣ. ಆ ಹುಡ್ಗೀಗೆ ಬಳೆ ಬಿಚ್ಚಿಡಕ್ಕೆ ಹೇಳು."

ನಾನು ಚೀಲಕ್ಕೆ ಕೈ ಹಾಕಿದೆ. ಚೀಟಿ ಕಣ್ಣಿಗೆ ಸರಿಯಾಗಿ ಕಾಣುತ್ತಿರಲಿಲ್ಲ. ಮಾವ ನನ್ನ ಮುಖವನ್ನೇ ನೋಡುತ್ತಿದ್ದರು.

"ಸೋಮವಾರದಿಂದ ಇದನ್ನ ಒಬ್ಳೇ ಹೊತ್ಕಂಡು ಓಡಾಡ್ತಿದ್ಯಾ?"

ತಲೆಯಾಡಿಸಿದೆ. ಅವರು ಬೆಂಚಿನ ಮೇಲೆ ಸರಿದು, ತಮ್ಮ ಎಡಗಡೆಯಲ್ಲಿ ಜಾಗ ಮಾಡಿದರು.

"ಈ ಕಡೆ ಬಾ. ಈ ಕಿವಿ ಸ್ವಲ್ಪ ಉಳ್ಕಂಡೈತೆ. ಕೂಗಬೇಡ, ಮೆಲ್ಲಗೇ ಹೇಳು. ಆಯಮ್ಮನ ಹೆಸರೇನು?"

ಅವರ ಎಡಕ್ಕೆ ಕುಳಿತು, ಕಿವಿಯ ಹತ್ತಿರ ಬಾಯಿಟ್ಟು ಹೇಳಿದೆ. ಒಂದೇ ಸಲಕ್ಕೆ ಕೇಳಿಸಿತು.